ಸರಪಳಿ ಗರಗಸದ ಪ್ರಮಾಣವಿಚಾರ

“ಎಷ್ಟು ಅಂಗುಲದ್ದು?” ಎಂಬುದು ಸರಪಳಿ ಗರಗಸವನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ಅನೇಕ ವೇಳೆ ಕೊನೆಯ ಪ್ರಶ್ನೆಯೂ ಅದೇ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಉದ್ಯೋಗದಲ್ಲಿದ್ದು, ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಹಿರಿಯರ ತೋಟವನ್ನು ಉಳಿಸಿಕೊಂಡಿರುವ ಗೃಹಸ್ಥರು ಊರಿನಲ್ಲಿರುವ ತಮ್ಮನಿಗಾಗಿ ಇಂಥದೊಂದು ಯಂತ್ರವನ್ನು ಕೊಡಿಸುವಾಗ, ಎರಡು ಮೂರು ದರಪಟ್ಟಿಗಳನ್ನು ಎದುರಿಗಿಟ್ಟುಕೊಂಡು, ಹೆಚ್ಚು ಅಂಗುಲದ್ದು ಕಡಿಮೆ ಬೆಲೆಗೆ ದೊರೆತರೆ ಲಾಭವಾಯಿತೆಂದು ಭಾವಿಸುವುದುಂಟು. ಬಟ್ಟೆಯನ್ನು ಕೊಳ್ಳುವಾಗ ಈ ಲೆಕ್ಕ ಸರಿ. ಗರಗಸದ ವಿಷಯದಲ್ಲಿ ಇದು ಹಣವನ್ನು ಮಾತ್ರವಲ್ಲದೆ ಕೆಲವೊಮ್ಮೆ ಕೈಕಾಲುಗಳನ್ನೂ ಕಳೆಯುವ ಲೆಕ್ಕ. ಏಕೆಂದರೆ ಈ ಯಂತ್ರದ ಪ್ರಮಾಣವೆಂಬುದು ಒಂದೇ ಸಂಖ್ಯೆಯಲ್ಲ. ಸರಪಳಿ ಸುತ್ತುವ ಪಟ್ಟಿಯ ಉದ್ದ, ಎಂಜಿನಿನ ಶಕ್ತಿ ಮತ್ತು ಒಟ್ಟು ತೂಕ ಇವು ಒಂದಕ್ಕೊಂದು ಹೊಂದಿರಬೇಕು, ಮತ್ತು ಮೂರೂ ಸೇರಿ ಮಾಡಬೇಕಾದ ಕೆಲಸಕ್ಕೆ ಹೊಂದಿರಬೇಕು.

ಗರಗಸವೆಂಬ ಮಾತು ಸಂಸ್ಕೃತದ ‘ಕ್ರಕಚ’ದ ತದ್ಭವ. ಮಾತು ಹಳೆಯದಾದರೂ ಸರಪಳಿಯ ಗರಗಸ ಮರದ ಕೆಲಸಕ್ಕೆ ಬಂದು ಇನ್ನೂ ನೂರು ವರ್ಷಗಳಷ್ಟೇ ಆಗಿವೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ೧೯೨೬ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ಹೊರತಂದನು. ಮರುವರ್ಷವೇ ಎಮಿಲ್ ಲೆರ್ಪ್ ಎಂಬಾತನು ಪೆಟ್ರೋಲಿನದನ್ನು ಥುರಿಂಗಿಯಾ ಪ್ರಾಂತದ ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿ ನೋಡಿದನು. ನಲವತ್ತು ಕಿಲೋಗ್ರಾಮಿಗೂ ಮೀರಿದ ತೂಕವಿದ್ದ ಆ ಯಂತ್ರಗಳನ್ನು ಹಿಡಿಯಲು ಇಬ್ಬರು ಬೇಕಾಗಿದ್ದರು. ಒಬ್ಬನೇ ಹಿಡಿಯಬಹುದಾದ ಹಗುರ ಯಂತ್ರಗಳು ಪ್ರಚಾರಕ್ಕೆ ಬಂದುದು ೧೯೫೦ರ ನಂತರ. ಈ ನಡುವೆ ಅಮೆರಿಕದ ಆರಿಗನ್ ಪ್ರಾಂತದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು, ಕಟ್ಟಿಗೆಯನ್ನು ಎಡಬಲಕ್ಕೆ ಕೊರೆಯುತ್ತ ಸಾಗುವ ಹುಳುವೊಂದರ ದವಡೆಗಳನ್ನು ನೋಡಿ, ಅದೇ ಕ್ರಮದಲ್ಲಿ ಕೆತ್ತುವ ಹಲ್ಲನ್ನು ರೂಪಿಸಿ ೧೯೪೭ರಲ್ಲಿ ಮಾರಾಟಕ್ಕೆ ತಂದನು. ಇಂದಿನ ಸರಪಳಿಗಳ ಹಲ್ಲು ಬಹುಮಟ್ಟಿಗೆ ಅದರ ಸಂತತಿಯೇ.

ಇನ್ನು ಪಟ್ಟಿಯ ಉದ್ದ. ಅಂಗಡಿಯ ಮಾತಿನಲ್ಲಿ ಇದಕ್ಕೆ ಬಾರ್ ಎಂದು ಹೆಸರು. ಹತ್ತು ಅಂಗುಲದಿಂದ ಮೂವತ್ತಾರು ಅಂಗುಲದವರೆಗೂ, ಅದಕ್ಕೂ ಮೇಲೆಯೂ ಬಾರುಗಳುಂಟು. ಯಂತ್ರದ ಮೈಯಿಂದ ಹೊರಗೆ ಚಾಚಿಕೊಂಡಿರುವ ಭಾಗವನ್ನಷ್ಟೇ ಅಳೆಯುವುದು ರೂಢಿ. ಒಳಗೆ ಹುದುಗಿರುವ ಭಾಗ ಲೆಕ್ಕಕ್ಕಿಲ್ಲ. ಒಂದೇ ಬೀಸಿನಲ್ಲಿ ಕೊಯ್ದು ಮುಗಿಯಬೇಕಾದರೆ ಬಾರು ಮರದ ಅಡ್ಡಳತೆಗಿಂತ ಎರಡು ಅಂಗುಲವಾದರೂ ಹೆಚ್ಚಿರಬೇಕೆಂಬುದು ಬಲ್ಲವರ ನಿಯಮ. ಇಲ್ಲಿಯೇ ನಮ್ಮವರ ಲೆಕ್ಕ ತಪ್ಪುವುದು. ಹಳ್ಳಿಗಳಲ್ಲಿ ಮರದ ದಪ್ಪವನ್ನು ಹೇಳುವುದು ಸುತ್ತಳತೆಯಿಂದ, ಇಲ್ಲವೆ ತೆಕ್ಕೆಯಿಂದ. ನಾಲ್ಕು ಅಡಿ ಸುತ್ತಿನ ಹಲಸು ಎಂದೊಡನೆ ಕೇಳಿದವರ ಕಣ್ಣಿಗೆ ದೊಡ್ಡ ಗರಗಸವೇ ಕಟ್ಟುತ್ತದೆ. ಸುತ್ತಳತೆಯನ್ನು ೩.೧೪ರಿಂದ ಭಾಗಿಸಿದರೆ ಅಡ್ಡಳತೆ ದೊರೆಯುವುದು; ನಲವತ್ತೆಂಟು ಅಂಗುಲ ಸುತ್ತಿನ ಆ ಹಲಸಿನ ಅಡ್ಡಳತೆ ಹದಿನೈದು ಅಂಗುಲವನ್ನು ಸ್ವಲ್ಪ ಮೀರಿದುದು ಅಷ್ಟೇ. ಅದಕ್ಕೆ ಹದಿನೆಂಟು ಅಂಗುಲದ ಬಾರು ಧಾರಾಳ. ಮೂರು ಅಡಿ ಸುತ್ತಿನ ಮರ ಹನ್ನೊಂದೂವರೆ ಅಂಗುಲ ಮಾತ್ರ. ಅದಕ್ಕೆ ಹದಿನಾಲ್ಕು ಸಾಕು. ಆರು ಅಡಿ ಸುತ್ತಿನ ಮಾವು ಇಪ್ಪತ್ತಮೂರು ಅಂಗುಲದ ಸಮೀಪ ಬರುತ್ತದೆ. ಆದರೆ ಇಂಥ ಮರ ತೋಟದ ಒಡೆಯನಿಗೆ ಹತ್ತು ವರ್ಷಕ್ಕೊಮ್ಮೆ ಎದುರಾದರೆ ಹೆಚ್ಚು. ಎರಡೂ ಮಗ್ಗುಲಿನಿಂದ ಕೊಯ್ದು ಇಪ್ಪತ್ತು ಅಂಗುಲದ ಬಾರಿನಿಂದಲೇ ಅದನ್ನು ಉರುಳಿಸುವುದು ಅನುಭವಸ್ಥನಿಗೆ ಸಾಧ್ಯ. ಅನುಭವವಿಲ್ಲದವನು ಅಂಥ ಮರಕ್ಕೆ ಯಾವ ಅಳತೆಯ ಗರಗಸವನ್ನೂ ಹಚ್ಚದಿರುವುದೇ ಲೇಸು. ಕೂಲಿ ಕೊಟ್ಟು ಕರೆಸುವುದು ಯಂತ್ರ ಕೊಳ್ಳುವುದಕ್ಕಿಂತ ಅಗ್ಗ.

ಬಾರು ಉದ್ದವಾದಷ್ಟೂ ಒಮ್ಮೆಗೆ ಹೆಚ್ಚು ಹಲ್ಲುಗಳು ಕಟ್ಟಿಗೆಯಲ್ಲಿ ಹೂತು ಕೆಲಸ ಮಾಡಬೇಕಾಗುವುದು. ಅವೆಲ್ಲವನ್ನೂ ಎಳೆಯುವ ಶಕ್ತಿ ಎಂಜಿನಿಗೆ ಇಲ್ಲದಿದ್ದರೆ ಸರಪಳಿಯ ವೇಗ ಕುಗ್ಗುತ್ತದೆ. ವೇಗ ಕುಗ್ಗಿದಾಗ ಕೆಲಸದವನು ಸಹಜವಾಗಿಯೇ ಮೈಭಾರ ಹಾಕಿ ಒತ್ತುತ್ತಾನೆ. ಒತ್ತಿದಷ್ಟೂ ಕ್ಲಚ್ಚು ಕಾದು ಸವೆಯುವುದು, ಬಾರಿನ ತುದಿಯವರೆಗೆ ಎಣ್ಣೆ ತಲಪದೆ ಅದರ ಅಂಚು ನೀಲಿಗಟ್ಟುವುದು, ಕೊಯ್ತ ಓರೆಯಾಗುವುದು. ಸಾಮಾನ್ಯವಾಗಿ ೩೦ರಿಂದ ೩೫ ಸಿಸಿ ಎಂಜಿನಿಗೆ ಹನ್ನೆರಡು ಅಥವಾ ಹದಿನಾಲ್ಕು ಅಂಗುಲ, ೪೦ರಿಂದ ೪೫ಕ್ಕೆ ಹದಿನಾರು, ೫೦ರಿಂದ ೬೦ಕ್ಕೆ ಹದಿನೆಂಟರಿಂದ ಇಪ್ಪತ್ತು, ೭೦ ದಾಟಿದ ಮೇಲೆ ಇಪ್ಪತ್ತನಾಲ್ಕು ಅಂಗುಲ ಎಂಬುದು ಒಪ್ಪತಕ್ಕ ಹೊಂದಾಣಿಕೆ. ತೇಗ, ಹುಣಿಸೆಗಳಂಥ ಗಟ್ಟಿ ಮರಗಳೇ ಹೆಚ್ಚಾಗಿದ್ದರೆ ಒಂದು ಮೆಟ್ಟಿಲು ಕೆಳಗಿನ ಬಾರನ್ನು ಆರಿಸಬೇಕು.

ಸಿಸಿ ಎಂಬ ಸಂಖ್ಯೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅದು ಎಂಜಿನಿನ ಕೊಳವೆಯೊಳಗಿನ ಅವಕಾಶದ ಅಳತೆಯೇ ಹೊರತು ಶಕ್ತಿಯ ಅಳತೆಯಲ್ಲ. ಈಗ ಪೇಟೆಯಲ್ಲಿ ಧಾರಾಳವಾಗಿ ದೊರೆಯುವ ಅಗ್ಗದ ಯಂತ್ರಗಳ ಮೇಲೆ ‘೫೮ ಸಿಸಿ, ೨೨ ಅಂಗುಲ’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಅವುಗಳಲ್ಲಿ ಎರಡೂಕಾಲು ಕಿಲೋವ್ಯಾಟನ್ನು ಮೀರದವೂ ಉಂಟು. ವೃತ್ತಿಯವರಿಗೆಂದೇ ತಯಾರಾದ ೫೦ ಸಿಸಿ ಯಂತ್ರವೊಂದು ಮೂರು ಕಿಲೋವ್ಯಾಟ್‌ವರೆಗೆ ಶಕ್ತಿ ಕೊಡುವುದಲ್ಲದೆ ತೂಕದಲ್ಲಿಯೂ ಕಡಿಮೆ ಇರುವುದು. ಆದುದರಿಂದ ದರಪಟ್ಟಿಯಲ್ಲಿ ಮೊದಲು ಹುಡುಕಬೇಕಾದುದು ಕಿಲೋವ್ಯಾಟ್. ಅದನ್ನು ಬರೆಯದೆ ಅಂಗುಲವನ್ನಷ್ಟೇ ಬರೆದ ದರಪಟ್ಟಿ ಅಪೂರ್ಣ. ಅಗ್ಗದ ಯಂತ್ರಕ್ಕೆ ಇಪ್ಪತ್ತೆರಡು ಅಂಗುಲದ ಬಾರು ಹೊಂದದೆಂದು ಕಂಡಾಗ, ಅದನ್ನು ತೆಗೆದು ಹದಿನಾರು ಅಥವಾ ಹದಿನೆಂಟರದನ್ನು ತೊಡಿಸಿದರೆ ಅದೇ ಯಂತ್ರ ಬೇರೆಯಂತೆಯೇ ನಡೆಯುವುದೂ ಉಂಟು.

ದೊಡ್ಡ ಎಂಜಿನಿಗೆ ಗಿಡ್ಡ ಬಾರು ದೋಷವಲ್ಲ. ಸ್ವೀಡನ್, ಫಿನ್ಲೆಂಡುಗಳ ಕಾಡುಗಳಲ್ಲಿ ೫೦ ಸಿಸಿ ಯಂತ್ರಕ್ಕೆ ಹದಿಮೂರು, ಹದಿನೈದು ಅಂಗುಲದ ಬಾರನ್ನು ತೊಡಿಸುವರು. ಅಲ್ಲಿಯ ಪೈನ್ ಮತ್ತು ಸ್ಪ್ರೂಸ್ ಮರಗಳು ತೆಳ್ಳಗಿನವು. ದಿನವಿಡೀ ಕೊಂಬೆ ಸವರುವ ಕೆಲಸಕ್ಕೆ ಗಿಡ್ಡ ಬಾರು ಚುರುಕು. ಅಮೆರಿಕದ ಪಶ್ಚಿಮ ತೀರದಲ್ಲಿಯಾದರೋ ಮೂವತ್ತು ಅಂಗುಲ ದಾಟಿದ ಬಾರುಗಳು ಸಾಮಾನ್ಯ. ಅಲ್ಲಿನ ಡಗ್ಲಸ್ ಫರ್ ಮರಗಳೂ ಅಷ್ಟು ದೊಡ್ಡವು, ಇಳಿಜಾರಿನಲ್ಲಿ ನಿಂತು ಬಗ್ಗದೆ ಕೊಯ್ಯುವ ಅನುಕೂಲವೂ ಉಂಟು. ಇಬ್ಬರ ಆಯ್ಕೆಯೂ ಅವರವರ ಮರದಿಂದ ಹುಟ್ಟಿದುದು. ಚಲನಚಿತ್ರಗಳಲ್ಲಿ ಕಂಡ ಅಮೆರಿಕದ ಉದ್ದ ಗರಗಸವೇ ‘ನಿಜವಾದ’ ಗರಗಸವೆಂದು ಬಗೆಯುವುದಕ್ಕೆ ನಮ್ಮ ತೋಟಗಳಲ್ಲಿ ಆಧಾರವಿಲ್ಲ.

ತೂಕದ ಮಾತಿಗೆ ಬಂದರೆ, ಬಾರು ಸರಪಳಿಗಳಿಲ್ಲದೆ ಸಣ್ಣ ಯಂತ್ರ ನಾಲ್ಕು ಕಿಲೋಗ್ರಾಮಿನಷ್ಟು, ನಡುವಿನದು ಐದರಷ್ಟು, ದೊಡ್ಡದು ಆರರಿಂದ ಏಳೂವರೆಯಷ್ಟು ತೂಗುವುದು. ಒಂದೆರಡು ಕಿಲೋಗ್ರಾಮಿನ ವ್ಯತ್ಯಾಸ ಅಂಗಡಿಯಲ್ಲಿ ಎತ್ತಿ ನೋಡಿದಾಗ ಏನೂ ಅನ್ನಿಸದು. ಒಂದು ಗಂಟೆಯ ಕೆಲಸವಾದ ಮೇಲೆ ತೋಳು ಸೋತು ಬಾರಿನ ತುದಿ ತಾನಾಗಿ ಕೆಳಗಿಳಿಯತೊಡಗುತ್ತದೆ. ಅಪಾಯವಿರುವುದು ಆ ತುದಿಯಲ್ಲಿ. ಸೆಕೆಂಡಿಗೆ ಇಪ್ಪತ್ತು ಮೀಟರಿನಷ್ಟು ವೇಗದಲ್ಲಿ ಓಡುತ್ತಿರುವ ಸರಪಳಿ, ಬಾರಿನ ಮೂಗಿನ ಮೇಲ್ಭಾಗದಲ್ಲಿ ಒಂದು ರೆಂಬೆಗೆ ತಗುಲಿದರೂ ಸಾಕು, ಇಡೀ ಯಂತ್ರ ಹಿಂದಕ್ಕೆ ಮೇಲಕ್ಕೆ ಚಿಮ್ಮಿ ಹಿಡಿದವನ ಮುಖದ ಕಡೆಗೆ ಬರುತ್ತದೆ. ಮನುಷ್ಯ ಎಚ್ಚೆತ್ತು ತಪ್ಪಿಸಿಕೊಳ್ಳುವಷ್ಟು ಕಾಲ ಅಲ್ಲಿರುವುದಿಲ್ಲ. ಮುಂಗೈ ತಾಗಿದೊಡನೆ, ಅಥವಾ ಚಿಮ್ಮಿದ ರಭಸಕ್ಕೇ, ಸರಪಳಿಯನ್ನು ನಿಲ್ಲಿಸುವ ತಡೆ ೧೯೭೦ರ ದಶಕದಿಂದ ಬಳಕೆಗೆ ಬಂದಿದೆ. ಅದಿಲ್ಲದ ಯಂತ್ರವನ್ನು ಯಾವ ಬೆಲೆಗೂ ಕೊಳ್ಳಬಾರದು. ಆದರೆ ತಡೆಗಿಂತ ಮೊದಲಿನ ರಕ್ಷಣೆ ಬಾರಿನ ಉದ್ದದ ಆಯ್ಕೆಯೇ. ಪೊದೆಯ ನಡುವೆ, ಬಿದ್ದ ಮರದ ಕೊಂಬೆಗಳ ನಡುವೆ ಇಪ್ಪತ್ತೆರಡು ಅಂಗುಲದ ಬಾರನ್ನು ಹಿಡಿದವನಿಗೆ ಅದರ ತುದಿ ಎಲ್ಲಿದೆಯೆಂಬುದೇ ಕಾಣದು.

ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮೊದಲು ನೆರಳಿನ ಮರಗಳ ಕೊಂಬೆ ತೆಗೆಯುವ ಮರಗಸಿಯ ಕೆಲಸಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುವುದು. ಮರ ಉರುಳಿಸುವ ಯಂತ್ರವನ್ನೇ ಹಗ್ಗದಲ್ಲಿ ಮೇಲೆಳೆದುಕೊಂಡು, ಒಂದು ಕೈಯಲ್ಲಿ ಕೊಂಬೆಯನ್ನೂ ಇನ್ನೊಂದರಲ್ಲಿ ಗರಗಸವನ್ನೂ ಹಿಡಿದು ಕೊಯ್ಯುವುದು ಸಾಹಸವಲ್ಲ, ಅವಿವೇಕ. ಮರವೇರುವವರಿಗೆಂದೇ ಹಿಡಿ ಮೇಲಿರುವ, ಮೂರು ಮೂರೂವರೆ ಕಿಲೋಗ್ರಾಮಿನ, ಹನ್ನೆರಡು ಅಂಗುಲದ ಯಂತ್ರ ಬೇರೆಯೇ ಉಂಟು. ಅದನ್ನೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡ, ತರಬೇತಾದವನು ಮಾತ್ರ ಮುಟ್ಟಬೇಕು, ಅದೂ ಎರಡು ಕೈಗಳಿಂದ. ಕೈಗೆಟುಕುವ ಎತ್ತರದ ಸಿಲ್ವರ್ ಓಕ್ ಕೊಂಬೆಗಳಿಗೆ, ಉದ್ದ ಕೋಲಿನ ತುದಿಯಲ್ಲಿ ಹತ್ತು ಅಂಗುಲದ ಬಾರುಳ್ಳ ಗರಗಸ ಸಾಕು. ಮರ ಹತ್ತುವ ಪ್ರಸಂಗವೇ ಬಾರದು.

ತೆಂಗಿನ ಮರ ದಪ್ಪದಲ್ಲಿ ಮೋಸಗೊಳಿಸುವ ಮರ. ಅಡ್ಡಳತೆ ಹತ್ತು ಹನ್ನೆರಡು ಅಂಗುಲವಾದುದರಿಂದ ಹದಿನಾರು ಅಂಗುಲದ ಬಾರು ಸಾಕೆಂಬುದು ನಿಜ. ಆದರೆ ಕಾಂಡದ ಬುಡದ ಹೊರಸುತ್ತು ಬಹಳ ಗಟ್ಟಿ, ಒಳತಿರುಳು ಮೆತ್ತಗೆ. ಹೊರಗಿನದನ್ನು ದಾಟುವಷ್ಟರಲ್ಲಿ ಹಲ್ಲು ಮೊಂಡಾಗುವುದು, ಹಲ್ಲಿನ ಚಕ್ರದ ಸುತ್ತ ನಾರು ತುಂಬಿಕೊಳ್ಳುವುದು. ಇಲ್ಲಿ ಬೇಕಾದುದು ಉದ್ದವಲ್ಲ; ೪೫ ಸಿಸಿ ಆಸುಪಾಸಿನ ಶಕ್ತಿ ಮತ್ತು ಬದಲಿಗೊಂದು ಮಸೆದ ಸರಪಳಿ. ಅಡಕೆ ಮರಕ್ಕೆ ಅತ್ಯಂತ ಸಣ್ಣ ಯಂತ್ರವೂ ಹೆಚ್ಚೇ; ದಬ್ಬೆ ಸೀಳುವುದಕ್ಕೆ ಕೊಡಲಿಯ ಜಾಗವನ್ನು ಗರಗಸ ಇನ್ನೂ ಹಿಡಿದಿಲ್ಲ. ಹಲಗೆ ಕೊಯ್ಯುವುದು ಇವೆಲ್ಲಕ್ಕಿಂತ ಬೇರೆಯಾದ ಕೆಲಸ. ಎಳೆಗೆ ಅಡ್ಡವಾಗಿ ಕೊಯ್ಯಲು ಹಲ್ಲನ್ನು ೨೫ರಿಂದ ೩೦ ಡಿಗ್ರಿ ಓರೆಗೆ ಮಸೆಯುವರು. ಎಳೆಯ ಉದ್ದಕ್ಕೆ ಸೀಳುವಾಗ ಹತ್ತು ಡಿಗ್ರಿಯಷ್ಟೇ ಓರೆಯಿರುವ ಬೇರೆ ಸರಪಳಿ ಬೇಕು, ಎಂಜಿನೂ ೭೦ ಸಿಸಿಗೆ ಕಡಿಮೆಯಾದರೆ ದಿನವೆಲ್ಲ ಕಾದು ಬೇಗ ಹಾಳಾಗುವುದು. ನಾಲ್ಕು ಹಲಗೆಗಾಗಿ ಇಷ್ಟೆಲ್ಲ ಮಾಡುವುದಕ್ಕಿಂತ ದಿಮ್ಮಿಯನ್ನು ಸಾಮಿಲ್ಲಿಗೆ ಸಾಗಿಸುವುದು ಮೇಲು. ಗರಗಸ ಕೈಗೆ ಬಂದ ಮಾತ್ರಕ್ಕೆ ಮರ ಕಡಿಯುವ ಹಕ್ಕು ಬರುವುದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು: ಕರ್ನಾಟಕದಲ್ಲಿ ೧೯೭೬ರ ಮರಗಳ ಸಂರಕ್ಷಣಾ ಅಧಿನಿಯಮದಂತೆ ಅನೇಕ ಜಾತಿಯ ಮರಗಳನ್ನು ಸ್ವಂತ ಜಮೀನಿನಲ್ಲಿಯೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಮುಂಬಯಿ, ಪುಣೆಗಳ ಅಂಗಳದ ಮರಗಳಿಗೆ ಮಹಾರಾಷ್ಟ್ರದ ೧೯೭೫ರ ಕಾಯಿದೆ ಉಂಟು.

ಬ್ಯಾಟರಿಯಿಂದ ನಡೆಯುವ ಯಂತ್ರಗಳು ಈಚಿನ ವರ್ಷಗಳಲ್ಲಿ ನಂಬಿಕೆಗೆ ಅರ್ಹವಾಗಿವೆ. ೩೬ ವೋಲ್ಟಿನ, ಹನ್ನೆರಡು ಅಥವಾ ಹದಿನಾಲ್ಕು ಅಂಗುಲದ ಒಂದು ಒಳ್ಳೆಯ ಯಂತ್ರ ಸಣ್ಣ ಪೆಟ್ರೋಲ್ ಗರಗಸದ ಕೆಲಸವನ್ನೇ ಮಾಡಬಲ್ಲುದು. ಸದ್ದು ಕಡಿಮೆ, ಹೊಗೆಯಿಲ್ಲ. ವೋಲ್ಟ್ ಹೆಚ್ಚಿದ್ದ ಮಾತ್ರಕ್ಕೆ ಕೆಲಸ ಹೆಚ್ಚು ಹೊತ್ತು ನಡೆಯುವುದೆಂದು ತಿಳಿಯಬಾರದು. ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ನೋಡಬೇಕು. ಕರೆಂಟು ಬಂದುಹೋಗುವ ಊರುಗಳಲ್ಲಿ ಮಳೆಗಾಳಿಗೆ ಬಿದ್ದ ಮರವನ್ನು ರಾತ್ರೋರಾತ್ರಿ ದಾರಿಯಿಂದ ತೆಗೆಯಬೇಕಾದವನಿಗೆ ಪೆಟ್ರೋಲಿನದೇ ಗತಿ. ಕೊಂಬೆ ಸವರುವುದು, ಸೌದೆ ತುಂಡರಿಸುವುದು, ವರ್ಷಕ್ಕೆ ನಾಲ್ಕಾರು ತೆಂಗನ್ನೋ ಸಿಲ್ವರ್ ಓಕನ್ನೋ ಉರುಳಿಸುವುದು, ಇಷ್ಟು ಮಾತ್ರ ಕೆಲಸವಿರುವ ಸಾಧಾರಣ ತೋಟಕ್ಕೆ ೪೫ ಸಿಸಿ, ಹದಿನಾರು ಅಂಗುಲದ ಒಂದು ಯಂತ್ರವನ್ನು ಶಿಫಾರಸು ಮಾಡಬಹುದು.

ಹೀಗೆ ಆಯ್ದ ಯಂತ್ರದ ಸರಪಳಿಯನ್ನು ಮುಂದೆ ಬದಲಿಸುವಾಗ ಅಂಗುಲವೊಂದನ್ನೇ ಹೇಳಿದರೆ ಸಾಲದು. ಅನುಕ್ರಮವಾಗಿ ಬರುವ ಮೂರು ರಿವೆಟ್ಟುಗಳ ದೂರದ ಅರ್ಧವನ್ನು ಪಿಚ್ ಎನ್ನುವರು. ಸಣ್ಣ ಯಂತ್ರಗಳಿಗೆ ತಗ್ಗು ಹಲ್ಲಿನ ೩/೮ ಅಂಗುಲ, ನಡುವಿನವುಗಳಿಗೆ ಹೆಚ್ಚಾಗಿ ೦.೩೨೫ ಅಂಗುಲ, ದೊಡ್ಡವಕ್ಕೆ ಪೂರ್ಣ ಹಲ್ಲಿನ ೩/೮ ಅಂಗುಲ. ಇದರೊಂದಿಗೆ ಬಾರಿನ ಗಾಡಿಯಲ್ಲಿ ಕೂರುವ ಕೊಂಡಿಯ ದಪ್ಪ ಮತ್ತು ಕೊಂಡಿಗಳ ಎಣಿಕೆ ಮೂರೂ ಕೂಡಿಬರಬೇಕು. ಬಹಳ ಬಾರುಗಳ ಬುಡದಲ್ಲಿ ಇವನ್ನು ಕೊರೆದಿರುವರು. ಮಸೆಯುವ ದುಂಡು ಅರವೂ ಪಿಚ್ಚನ್ನು ಅನುಸರಿಸಿಯೇ ಇರಬೇಕು: ತಗ್ಗು ಹಲ್ಲಿನದಕ್ಕೆ ೪ ಮಿಲಿಮೀಟರ್, ೦.೩೨೫ಕ್ಕೆ ೪.೮, ಪೂರ್ಣ ೩/೮ಕ್ಕೆ ೫.೨.