ಹಿರಿಯ ಸಿಸ್ಟರ್, ಕಿರಿಯ ಸಿಸ್ಟರ್

ರಾಯದುರ್ಗ, ಮಡಕಶಿರಾ ಕಡೆಯ ಅನೇಕ ಮನೆಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿ ಬದಲಾದರೂ ನೋವು ಬಂದಾಗ ಬಾಯಿಗೆ ಬರುವುದು ತಾಯಿನುಡಿಯೇ.

"ಎದೆ ಹಿಡ್ಕಂಡಂಗಾಗ್ತೈತಿ" ಎಂದು ಅಜ್ಜಿಯೊಬ್ಬಳು ನರಳಿದರೆ, ಊರಿನ ಮಾತು ಬಲ್ಲ ಹಿರಿಯ ಸಿಸ್ಟರ್‌ಗೆ ತಕ್ಷಣ ಅರ್ಥವಾಗುತ್ತದೆ. ಹೊಸ ಮಾನಿಟರ್, ಕಂಪ್ಯೂಟರ್ ದಾಖಲೆಗಳಲ್ಲಿ ಕಿರಿಯಳ ಕೈ ಚುರುಕು. ಅಜ್ಜಿಗೆ ಇಬ್ಬರೂ ಬೇಕು. ಆದರೆ ಅವರಿಬ್ಬರ ನಡುವೆ ಮಾತೇ ನಿಂತಿದ್ದರೆ?

ಅನೇಕ ಆಸ್ಪತ್ರೆಗಳಲ್ಲಿ ನಾವು ಕೇಳುವ ದೂರು ಒಂದೇ. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎನ್ನುತ್ತಾರೆ ಮೂರು ವರ್ಷದ ಜಿ.ಎನ್.ಎಂ. ಓದಿ ದಶಕಗಳಿಂದ ದುಡಿದವರು. "ನೈಟ್ ಡ್ಯೂಟಿ, ಹಬ್ಬದ ಡ್ಯೂಟಿ ಎಲ್ಲಾ ನಮಗೇ" ಎನ್ನುತ್ತಾರೆ ನಾಲ್ಕು ವರ್ಷದ ಬಿ.ಎಸ್ಸಿ. ಮುಗಿಸಿ ಬಂದವರು. ಹೀಗೆ ಮನಸ್ಸು ಮುರಿದಾಗ ಕಿರಿಯರು ಕೆಲಸ ಬಿಡುತ್ತಾರೆ, ಹಿರಿಯರು ಮೌನವಾಗುತ್ತಾರೆ. ಕೇಳಲು ಹೆದರಿದವಳು ತಪ್ಪು ಔಷಧಿ ಕೊಟ್ಟರೆ ನಷ್ಟ ರೋಗಿಗೆ.

ಪರಿಹಾರಕ್ಕೆ ದೊಡ್ಡ ಹಣ ಬೇಕಿಲ್ಲ. ಪಾಳಿ ಬದಲಾಗುವಾಗ ಹಾಸಿಗೆಯ ಬಳಿಯೇ ನಿಂತು ಇಬ್ಬರೂ ರೋಗಿಯ ವಿಷಯ ಹೇಳಿಕೊಳ್ಳಲಿ. ಡ್ಯೂಟಿ ಪಟ್ಟಿ ಮುಂಚೆಯೇ ಸಿಗಲಿ. ಕ್ರಿಸ್ಮಸ್, ಯುಗಾದಿ, ರಂಜಾನ್ ರಜೆ ಸರದಿಯಂತೆ ಹಂಚಿಕೆಯಾಗಲಿ. ವಾರಕ್ಕೆ ಹತ್ತು ನಿಮಿಷ ಕಿರಿಯಳು ಹೊಸ ಯಂತ್ರ ಕಲಿಸಲಿ, ಹಿರಿಯಳು ರೋಗಿಯ ಮುಖ ಓದುವುದನ್ನು ಕಲಿಸಲಿ. ತಪ್ಪನ್ನು ಏಕಾಂತದಲ್ಲಿ ತಿದ್ದಿ, ಒಳ್ಳೆಯದನ್ನು ಎಲ್ಲರೆದುರು ಹೊಗಳಲಿ.

ರಾಯದುರ್ಗದ ಬದಿಯ ಕಣೇಕಲ್‌ನಲ್ಲಿ, ಕಲ್ಯಾಣದುರ್ಗದಲ್ಲಿ, ಬತ್ತಲಪಲ್ಲಿಯಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಆಸ್ಪತ್ರೆಗಳನ್ನು ಕಟ್ಟಿತು. 1969ರಲ್ಲಿ ಅನಂತಪುರಕ್ಕೆ ಬಂದ ವಿಸೆಂಟ್ ಫೆರರ್ ಅದರ ಸ್ಥಾಪಕರು. ಇಂಥ ಕಡೆ ಕಟ್ಟಡ ನಿಂತರೆ ಸಾಲದು, ಹಗಲಿರುಳು ರೋಗಿಯ ಪಕ್ಕದಲ್ಲಿ ದಾದಿಯರು ನಿಲ್ಲಬೇಕು. ಅವರು ನಿಲ್ಲುವಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ ಮಾತ್ರವಲ್ಲ, ನಮ್ಮದೂ ಹೌದು.

ರಾತ್ರಿ ಪಾಳಿ ಮುಗಿಸಿ ಬಂದ ಮಗಳನ್ನು ನಾವು ಮಲಗಲು ಬಿಡುತ್ತೇವೆಯೇ? ಅಥವಾ ಅಡುಗೆಮನೆಗೆ ಕಳುಹಿಸುತ್ತೇವೆಯೇ? ಸೊಸೆ ಭಾನುವಾರದ ಪೂಜೆಗೆ ಬರಲಿಲ್ಲವೆಂದು ಕೇಳುವ ಮುನ್ನ ಅವಳ ಡ್ಯೂಟಿ ವಿಚಾರಿಸಿದ್ದೇವೆಯೇ?

ಮೇ 12, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ದಾದಿಯರ ದಿನ. ಈ ಸಲ ನಮ್ಮ ಧರ್ಮಕೇಂದ್ರದಲ್ಲಿ ಹೂ ಕೊಡುವುದಾದರೆ ನಿವೃತ್ತ ಸಿಸ್ಟರನ್ನೂ ಹೊಸದಾಗಿ ಸೇರಿದವಳನ್ನೂ ಜೊತೆಯಾಗಿ ಕರೆಯೋಣ. ಹೂ ಕೊಟ್ಟ ಮೇಲೆ ಅವರಿಬ್ಬರ ಮಾತನ್ನೂ ಕೇಳೋಣ.