ಚದರದ ದರ, ಇಳಿಜಾರಿನ ಖರ್ಚು

‘ಚದರಕ್ಕೆ ಇಷ್ಟು’ ಎಂದು ಮಾತಾಡಿ ಮನೆ ಕಟ್ಟಿಸುವುದು ನಮ್ಮಲ್ಲಿ ರೂಢಿ. ಒಂದು ಚದರವೆಂದರೆ 100 ಚದರ ಅಡಿ. ನಿಮ್ಮ ತಂದೆತಾಯಿಯರೂ ಒಂದು ದಿನ ಹೀಗೆ ಗುತ್ತಿಗೆದಾರರ ಎದುರು ಕುಳಿತಾರು. ಆದರೆ ಈ ದರ ನೆಲ ಸಮತಟ್ಟಾಗಿದೆ ಎಂದು ಭಾವಿಸಿ ಹೇಳುವಂಥದು. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಅಂಥ ನೆಲ ಎಲ್ಲಿದೆ?

ಒಂದು ಲೆಕ್ಕ ಮಾಡೋಣ. ಮನೆ ಇಳಿಜಾರಿನ ಉದ್ದಕ್ಕೆ 40 ಅಡಿ, ಅಗಲ 30 ಅಡಿ. ನೆಲ ಪ್ರತಿ 8 ಅಡಿಗೆ 1 ಅಡಿ ಇಳಿಯುತ್ತದೆ. ಮೇಲಿನ ಅಂಚಿನಲ್ಲಿ ತಳಪಾಯದ ಗೋಡೆ ನೆಲದಿಂದ 2 ಅಡಿ ಎದ್ದರೆ ಕೆಳ ಅಂಚಿನಲ್ಲಿ 7 ಅಡಿ ಏಳಬೇಕು. ಒಳಗೆ ತುಂಬುವ ಮಣ್ಣು ಸಮತಟ್ಟು ನಿವೇಶನಕ್ಕಿಂತ 3000 ಘನ ಅಡಿ ಹೆಚ್ಚು. ಮನೆ ಮಾತ್ರ ಅದೇ 12 ಚದರ!

ಗೋಡೆ ಎತ್ತರವಾದರೆ ಸಾಲದು, ದಪ್ಪವೂ ಆಗಬೇಕು. ಮಣ್ಣು ಗೋಡೆಯನ್ನು ತಳ್ಳುವ ಬಲ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 2 ಅಡಿಯ ಗೋಡೆಗಿಂತ 7 ಅಡಿಯದಕ್ಕೆ ಸುಮಾರು 12 ಪಟ್ಟು. ಮಲೆನಾಡಿನ ಮಳೆಗೆ ಮಣ್ಣು ನೆನೆದರೆ ನೀರಿನ ಒತ್ತಡ ಬೇರೆ ಸೇರುತ್ತದೆ. ಅದಕ್ಕೇ ತಡೆಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ರಂಧ್ರ ಬಿಡುವುದು. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ನೆನೆದ ಮಣ್ಣಿನ ಬಲ ಅಂಥದು.

ಜಗಳ ಹುಟ್ಟುವುದು ಇಲ್ಲಿಯೇ. ‘ಕರಾರಿನಲ್ಲಿಲ್ಲ, ಕೊಡುವುದಿಲ್ಲ’ ಎಂದು ಮಾಲೀಕರು. ‘ಕರಾರಿನಲ್ಲಿಲ್ಲ, ಅದಕ್ಕೇ ಬೇರೆ ಕೊಡಿ’ ಎಂದು ಗುತ್ತಿಗೆದಾರರು. ಇದನ್ನು ಮೋಸವೆಂದೇ ತಿಳಿಯಬೇಡಿ. 1872ರ ಭಾರತೀಯ ಕರಾರು ಕಾಯಿದೆಯ 70ನೇ ಕಲಮಿನಂತೆ, ಪುಕ್ಕಟೆಯೆಂದು ಮಾಡದ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ಪರಿಹಾರ ಕೊಡಬೇಕಾಗುತ್ತದೆ. ಎಷ್ಟು ಎಂಬುದೇ ತಕರಾರು. ಆದ್ದರಿಂದ ತಳಪಾಯ ಎಷ್ಟು ಅಡಿಯವರೆಗೆ ಚದರದ ದರದಲ್ಲಿ ಸೇರಿದೆ, ಅದರಾಚೆ ಕಲ್ಲುಕಟ್ಟಡಕ್ಕೆ, ಮಣ್ಣು ತುಂಬಲು, ತಡೆಗೋಡೆಗೆ ಘನ ಅಡಿಗೆ ಎಷ್ಟು, ಅಳೆಯುವವರು ಯಾರು ಎಂಬುದು ಮೊದಲೇ ಬರವಣಿಗೆಯಲ್ಲಿರಲಿ. ಲಾರಿ ಹತ್ತದ ದಾರಿಯಾದರೆ ಸಾಗಾಣಿಕೆಯ ಮಾತೂ ಇರಲಿ. ಕೊನೆಯ ಕಂತಿನಲ್ಲಿ ಒಂದು ಭಾಗವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವ ಷರತ್ತು ನನಗಂತೂ ನ್ಯಾಯವೆನಿಸುತ್ತದೆ.

ಇಳಿಜಾರನ್ನು ನೀವೇ ಅಳೆಯಬಹುದು. ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪಿಗೆ ಗುಳ್ಳೆ ಉಳಿಯದಂತೆ ನೀರು ತುಂಬಿ. ಒಂದು ತುದಿಯನ್ನು ಮೇಲಿನ ಅಂಚಿನಲ್ಲಿ ನೀವು ಹಿಡಿಯಿರಿ, ಇನ್ನೊಂದನ್ನು ಕೆಳಗೆ ತಮ್ಮನೋ ತಂಗಿಯೋ ಹಿಡಿಯಲಿ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನೆಲದಿಂದ ನೀರಿನವರೆಗಿನ ಎರಡು ಅಳತೆಗಳ ವ್ಯತ್ಯಾಸವೇ ಇಳಿಜಾರು. ಸಹಿ ಬೀಳುವ ಮುನ್ನ ಆ ಅಂಕಿಯನ್ನು ಕರಾರುಪತ್ರದಲ್ಲಿ ಬರೆಸಲು ಹಿರಿಯರಿಗೆ ಹೇಳಿ.