‘ಸೂಯರ’ ಎಂದು ಓದಿದ ಹುಡುಗ

ಮೂರನೇ ತರಗತಿಯ ಹುಡುಗ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದಾನೆ. ಒಂದು ಪದದ ಹತ್ತಿರ ಬೆರಳು ನಿಂತಿತು. ‘ಸೂ… ಯ… ರ. ಸೂಯರ.’ ಹಿಂದೆ ಕೂತವರು ಕಿಸಕ್ಕನೆ ನಕ್ಕರು. ‘ಇಂವಗ ಓದಾಕ ಬರಂಗಿಲ್ರಿ ಸರ, ದಡ್ಡ ಅದಾನ’ ಎಂದು ಪಕ್ಕದಲ್ಲಿದ್ದವಳು ತೀರ್ಪು ಕೊಟ್ಟೇಬಿಟ್ಟಳು. ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಯಾವುದಾದರೂ ಸಾಲಿಯಲ್ಲಿ ಅರ್ಧ ದಿನ ಕೂತರೆ ಇಂಥದ್ದೊಂದು ಕಿವಿಗೆ ಬಿದ್ದೇ ಬೀಳುತ್ತದೆ.

ಹುಡುಗ ಮಾಡಿದ್ದೇನು ನೋಡಿ. ಪುಸ್ತಕದಲ್ಲಿ ‘ಸೂರ್ಯ’ ಎಂದಿದೆ. ಕಣ್ಣಿಗೆ ಮೊದಲು ಸಿಗುವುದು ‘ಸೂ’, ಆಮೇಲೆ ‘ಯ’, ಕೊನೆಗೆ ಕನ್ನಡದ ಒಂಬತ್ತರ ಅಂಕಿಯಂಥ ಒಂದು ಕೊಕ್ಕೆ, ಅರ್ಕಾವೊತ್ತು. ಬಾಯಿ ಮಾತ್ರ ಆ ಕೊಕ್ಕೆಯನ್ನು ‘ಯ’ಕ್ಕಿಂತ ಮೊದಲೇ ಉಚ್ಚರಿಸಬೇಕು. ಹುಡುಗ ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದ. ಕೊಕ್ಕೆ ಎಂದರೆ ‘ರ’ ಎಂಬುದೂ ಅವನಿಗೆ ಗೊತ್ತಿದೆ. ತಿಳಿಯದೆ ಉಳಿದದ್ದು ಒಂದೇ ನಿಯಮ. ‘ಶಕ್ತಿ’ಯದೂ ಇದೇ ಕತೆ. ಕೈ ‘ಕಿ’ ಬರೆದು ಅಡಿಯಲ್ಲಿ ‘ತ’ದ ಒತ್ತು ಕೊಡುತ್ತದೆ, ನಾಲಿಗೆ ‘ಕ್’, ‘ತ್’ ಮುಗಿಸಿ ಆಮೇಲೆ ‘ಇ’ ಎನ್ನುತ್ತದೆ. ‘ಶಕಿತ’ ಎಂದು ಓದುವ ಮಗುವಿನ ತಪ್ಪಿನಲ್ಲಿ ಒಂದು ಲೆಕ್ಕಾಚಾರವಿದೆ. ಆ ಲೆಕ್ಕಾಚಾರವನ್ನು ಹಿಡಿಯುವುದೇ ಶಾಲಾ ಮನೋವಿಜ್ಞಾನದ ಅರ್ಧ ಕೆಲಸ.

ಇಂಗ್ಲಿಷ್ ಕಲಿಯುವ ಮಗುವಿನ ಮುಂದೆ ಇರುವುದು 26 ಅಕ್ಷರ. ಕನ್ನಡದ ಮಗುವಿಗೆ ವರ್ಣಮಾಲೆಯ 49 ಬರೀ ಬಾಗಿಲು. ಒಳಗೆ ಹೋದರೆ, ಒತ್ತಕ್ಷರ ಬಿಟ್ಟು ಎಣಿಸಿದರೂ, ಕಾಗುಣಿತವೇ ನಾನೂರು ದಾಟುತ್ತದೆ. ಬೆಂಗಳೂರಿನ ದಿ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ ಕನ್ನಡ ಮಕ್ಕಳ ಆರಂಭದ ಓದಿನ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಇಂಗ್ಲಿಷಿನಲ್ಲಿ ಅಕ್ಷರ ಗುರುತಿಸುವುದು ಮೊದಲ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ. ಕನ್ನಡದಲ್ಲಿ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ಅದು ತೋರಿಸಿತು. ಪದವನ್ನು ‘ಕ-ಮ-ಲ’ ಎಂದು ಒಡೆಯುವುದು ನಮ್ಮ ಮಕ್ಕಳಿಗೆ ಬೇಗ ಬರುತ್ತದೆ. ‘ಕ’ದೊಳಗೆ ಒಂದು ‘ಕ್’, ಒಂದು ‘ಅ’ ಕೂತಿವೆ ಎಂಬ ಅರಿವು ತಡವಾಗಿ ಮೂಡುತ್ತದೆ. ಒತ್ತಕ್ಷರಕ್ಕೆ ಬೇಕಾದದ್ದು ಈ ಎರಡನೆಯ ಅರಿವೇ. ಇಂಗ್ಲಿಷಿನ ಅಳತೆಗೋಲು ತಂದು ‘ಎರಡನೇ ತರಗತಿಗೇ ಎಲ್ಲ ಬರಬೇಕಿತ್ತು’ ಎನ್ನುವವರು ಯಾವ ಲಿಪಿಯ ಮಾತಾಡುತ್ತಿದ್ದಾರೆ ಎಂದು ಮೊದಲು ಕೇಳಬೇಕು.

ಈ ಲಿಪಿಯ ಅಜ್ಜ ಮಸ್ಕಿಯಲ್ಲೇ ಇದ್ದಾನೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಬಂಡೆಗಲ್ಲಿನ ಶಾಸನ, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದನ್ನು ಗಟ್ಟಿಮಾಡಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ವ್ಯಂಜನಕ್ಕೊಂದು ಗೀಟು ಎಳೆದು ಸ್ವರ ಕೂಡಿಸುವ ಪದ್ಧತಿ ಅಲ್ಲಿಂದ ಬಂದದ್ದು. ನಮ್ಮ ಹುಡುಗ ತಿಣುಕುತ್ತಿರುವುದು ಆ ಪದ್ಧತಿಯ ಮುಂದೆಯೇ.

ನಲಿ-ಕಲಿ ಈ ಕಷ್ಟವನ್ನು ಅರ್ಧ ಅರ್ಥಮಾಡಿಕೊಂಡಿತ್ತು ಎನ್ನಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಈ ವಿಧಾನ ‘ಅ ಆ ಇ ಈ’ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ದಿಂದ ಶುರುಮಾಡಿತು. ಬರೆಯಲು ಸುಲಭ, ಕೂಡಿಸಿದರೆ ಕೂಡಲೇ ‘ಅರಸ’, ‘ಸರ’, ‘ಗರಗಸ’ ಸಿಗುತ್ತವೆ. ಮೊದಲ ವಾರಗಳಲ್ಲೇ ಮಗುವಿಗೆ ಓದಿದ ಸುಖ. ಒತ್ತಕ್ಷರದ ಏರು ಬಂದಾಗ ಮಾತ್ರ ಹಲವು ಮಕ್ಕಳು ಕಲಿಕೆಯ ಏಣಿಯಿಂದ ಸದ್ದಿಲ್ಲದೆ ಜಾರುತ್ತಾರೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಆಂಧ್ರದ ರೈತರು ಬಂದು ಸಿಂಧನೂರಿನ ಸುತ್ತ ಕ್ಯಾಂಪ್ ಕಟ್ಟಿದರು; ಮನೆಮಾತು ತೆಲುಗು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪ್‌ಗಳಲ್ಲಿ ಬಂಗಾಳಿ. ಲಿಂಗಸುಗೂರು, ಮಸ್ಕಿ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಪೇಟೆಯಲ್ಲಿ ಉರ್ದು. ಬಂಗಾಳಿಯಲ್ಲಿ ನಮ್ಮ ‘ವ’ದಂಥ ಧ್ವನಿ ಇಲ್ಲ, ಅದರ ಜಾಗದಲ್ಲಿ ‘ಬ’ ಬರುತ್ತದೆ. ಬಂಗಾಳಿ ಮನೆಯ ಮಗು ‘ವನ’ವನ್ನು ‘ಬನ’ ಎಂದರೆ ತಪ್ಪು ಓದಿನದ್ದೋ ನಾಲಿಗೆಯದ್ದೋ? ಕನ್ನಡದ ಮನೆಯವರೇನು ಕಡಿಮೆಯಲ್ಲ. ನಮ್ಮ ಬಾಯಲ್ಲಿ ‘ಭತ್ತ’ ‘ಬತ್ತ’ವೇ, ‘ಶಾಲೆ’ ‘ಸಾಲಿ’ಯೇ. ಉಕ್ತಲೇಖನದಲ್ಲಿ ಮಹಾಪ್ರಾಣ ಬಿಟ್ಟದ್ದಕ್ಕೆಲ್ಲ ಕೆಂಪು ಗೆರೆ ಎಳೆಯುತ್ತ ಹೋದರೆ ಅಳೆದದ್ದು ಮಗುವಿನ ಬುದ್ಧಿಯನ್ನಲ್ಲ, ಊರಿನ ಮಾತನ್ನು.

ಬುದ್ಧಿ ಅಳೆಯುವ ಕತೆಯೂ ಸ್ವಾರಸ್ಯದ್ದೇ. ಪ್ಯಾರಿಸ್‌ನಲ್ಲಿ ಆಲ್‌ಫ್ರೆಡ್ ಬಿನೆ 1905ರಲ್ಲಿ ಮೊದಲ ಪರೀಕ್ಷೆ ಕಟ್ಟಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಮಗುವಿಗೆ ಆಯುಷ್ಯಕ್ಕೆಲ್ಲ ಒಂದು ಅಂಕಿ ಹಚ್ಚುವುದು ಅವರಿಗೆ ಬೇಕಿರಲಿಲ್ಲ. ಆ ಪರೀಕ್ಷೆ ಕನ್ನಡಕ್ಕೆ ಬಹಳ ಬೇಗ ಬಂತು: ವಿ.ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗಾಗಿ ಅದನ್ನು ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ತೊಂದರೆ ಏನೆಂದರೆ, ಇಂಥ ಅಂಕ ಹೋಲಿಕೆಯ ಮೇಲೆ ನಿಂತಿರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಸರಾಸರಿ ಅಂಕ ಏರುತ್ತದೆ ಎಂದು ಜೇಮ್ಸ್ ಫ್ಲಿನ್ ಹಲವು ದೇಶಗಳ ದಾಖಲೆ ಹಿಡಿದು ತೋರಿಸಿದ್ದಾರೆ. ಹಳೆಯ ಪರೀಕ್ಷೆಯ ಅಂಕವೆಂದರೆ ಅಜ್ಜನ ಕಾಲದ ಮಕ್ಕಳ ಪಕ್ಕ ನಿಲ್ಲಿಸಿ ಇಂದಿನ ಮಗುವಿನ ಎತ್ತರ ಅಳೆದ ಹಾಗೆ.

ಅಂಗಡಿಯ ಲೆಕ್ಕ, ಪುಸ್ತಕದ ಲೆಕ್ಕ ಬೇರೆಬೇರೆ ಎಂಬುದಕ್ಕೂ ಈಗ ಸಾಕ್ಷಿ ಇದೆ. ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ತೂಕ, ದರ, ಚಿಲ್ಲರೆ ಎಲ್ಲವನ್ನೂ ತಲೆಯಲ್ಲೇ ಮುಗಿಸುವ ಮಕ್ಕಳು ಪುಸ್ತಕದ ರೀತಿಯ ಸರಳ ಭಾಗಾಕಾರದಲ್ಲಿ ಎಡವಿದರು. ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವಿದರು. ಅಪ್ಪನ ಜೊತೆ ಸಂತೆಯಲ್ಲಿ ಮೆಣಸಿನಕಾಯಿ ತೂಗುವ ಹುಡುಗಿಯನ್ನು ‘ಶಾಣ್ಯಾ’ ಎನ್ನಬೇಕೋ ‘ದಡ್ಡಿ’ ಎನ್ನಬೇಕೋ ಎಂಬುದು ಯಾರು, ಎಲ್ಲಿ ಕೇಳಿದರು ಎನ್ನುವುದರ ಮೇಲಿದೆ.

ಹಾಗಂತ ಡಿಸ್ಲೆಕ್ಸಿಯಾ ಎಂಬ ಓದಿನ ನ್ಯೂನತೆ ಇಲ್ಲವೇ? ಖಂಡಿತ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೂ ಇದೆ. ಆದರೆ ವೈದ್ಯರ ಕೈಪಿಡಿಯೇ ಒಂದು ಷರತ್ತು ಹಾಕುತ್ತದೆ: ಸರಿಯಾಗಿ ಪಾಠ ಸಿಗದ್ದರಿಂದಲೋ, ಕಲಿಸುವ ಭಾಷೆ ಬಾರದ್ದರಿಂದಲೋ, ಕಣ್ಣು-ಕಿವಿಯ ದೋಷದಿಂದಲೋ ಓದು ಹಿಂದೆಬಿದ್ದಿದ್ದರೆ ಆ ಹೆಸರು ಕೊಡಬಾರದು, ಬೇಕಾದ ನೆರವು ಕೊಟ್ಟು ನೋಡಿದ ಮೇಲೂ ಕನಿಷ್ಠ 6 ತಿಂಗಳು ತೊಂದರೆ ಉಳಿದಿರಬೇಕು. ನಮ್ಮ ಕಡೆ ಈ ಷರತ್ತು ಎಷ್ಟು ಮಕ್ಕಳಿಗೆ ತಾಗುತ್ತದೆ ಯೋಚಿಸಿ. ಮಳೆ ಕೈಕೊಟ್ಟ ವರ್ಷ ಅಪ್ಪ-ಅವ್ವನ ಜೊತೆ ಗುಳೆ ಹೋದವನಿಗೆ ಪಾಠವೇ ಸಿಕ್ಕಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕ ಗೈರು ಗುರುತಿನಿಂದ ತುಂಬುತ್ತದೆ. ವರ್ಷವಿಡೀ ಕಿವಿ ಸೋರುವ ಮಗು ಹಿಂದೆ ಕೂತು ‘ಲಕ್ಷ್ಯ ಕೊಡಲ್ಲ’ ಎನಿಸಿಕೊಳ್ಳುತ್ತದೆ. ಅದಕ್ಕೆ ಮೊದಲು ಬೇಕಾದದ್ದು ಕಿವಿ ಡಾಕ್ಟರು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಶಾಲಾ ಮನೋವಿಜ್ಞಾನಿ ಎಂಬ ಹುದ್ದೆಯಿಲ್ಲ. ಬ್ಲಾಕಿಗೆ ಬಿ.ಐ.ಇ.ಆರ್.ಟಿ. ಎನ್ನುವ ಸಂಪನ್ಮೂಲ ಶಿಕ್ಷಕರಿದ್ದಾರೆ, ಮೌಲ್ಯಾಂಕನ ಶಿಬಿರಗಳು ನಡೆಯುತ್ತವೆ. ಪೋಲಿಯೊ ಆದ ಕಾಲು, ಕಾಣದ ಕಣ್ಣು ಶಿಬಿರದಲ್ಲಿ ಹತ್ತು ನಿಮಿಷಕ್ಕೆ ತಿಳಿಯುತ್ತವೆ. ಓದಿನ ತೊಡಕು ಹಾಗೆ ತಿಳಿಯುವುದಿಲ್ಲ, ಅದನ್ನು ವಾರಗಟ್ಟಲೆ ನೋಡಬೇಕು. ನೋಡಬಲ್ಲವರು ತರಗತಿಯ ಅಕ್ಕೋರು, ಸರ್‌ಗಳೇ.

ಅದಕ್ಕೊಂದು ಪುಕ್ಕಟೆ ಉಪಾಯವಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಡೆನೊ ಇದರ ಮೇಲೆ ವರ್ಷಗಟ್ಟಲೆ ದುಡಿದರು. ಮಗುವಿನ ಪಾಠದಿಂದಲೇ ಒಂದು ತುಣುಕು ಕೊಡಿ. ಮೊಬೈಲಿನಲ್ಲಿ ಒಂದು ನಿಮಿಷ ಇಡಿ. ಸರಿಯಾಗಿ ಓದಿದ ಪದ ಎಣಿಸಿ ನೋಟ್‌ಬುಕ್ಕಿನಲ್ಲಿ ಚುಕ್ಕೆ ಹಾಕಿ. ಮುಂದಿನ ವಾರ ಅಷ್ಟೇ ಕಷ್ಟದ ಇನ್ನೊಂದು ತುಣುಕು. ಚುಕ್ಕೆಗಳು ಮೇಲೇರಿದರೆ ಕಲಿಸುತ್ತಿರುವ ರೀತಿ ನಾಟುತ್ತಿದೆ. ಅಡ್ಡ ಮಲಗಿದರೆ ಕಲಿಸುವ ರೀತಿ ಬದಲಿಸಿ ನೋಡುವುದು. ಅದಕ್ಕೂ ಏಳದಿದ್ದರೆ ಆಗ ತಜ್ಞರ ಹತ್ತಿರ ಹೋಗುವ ಮಾತು. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ, ಯಾವ ಪ್ರಮಾಣಪತ್ರಕ್ಕಿಂತ ಹೆಚ್ಚಿನದನ್ನು ಅದು ಹೇಳುತ್ತದೆ. ನನ್ನ ಕಡೆಯಿಂದ ಒಂದು ಸೇರ್ಪಡೆ: ಎಷ್ಟು ಪದ ತಪ್ಪಿತು ಎಂಬುದರ ಪಕ್ಕದಲ್ಲಿ ಹೇಗೆ ತಪ್ಪಿತು ಎಂದೂ ಬರೆಯಿರಿ. ‘ಸೂಯರ’, ‘ಶಕಿತ’, ‘ಬನ’ ಎಲ್ಲವನ್ನೂ, ಮಗು ಅಂದ ಹಾಗೆಯೇ.

ಅರ್ಕಾವೊತ್ತು ಕಲಿಸಲು ಎರಡು ದಿನ ಸಾಕು. ‘ಸೂರ್ಯ’, ‘ಕಾರ್ಯ’, ‘ಧೈರ್ಯ’, ‘ಮರ್ಯಾದೆ’ ಹಲಗೆಯ ಮೇಲೆ ಬರೆದು, ಕೊಕ್ಕೆಯ ಮೇಲೊಂದು ಬಾಣ ಹಿಂದಕ್ಕೆ ಎಳೆದು ತೋರಿಸಿ ನೋಡಿ.